ಟೂ-ಸ್ಟ್ರೋಕ್ ಸ್ಕೂಟರ್ ಏರಿನಲ್ಲಿ ಎಳೆಯದಿದ್ದರೆ ಮೊದಲು ಏನನ್ನು ನೋಡಬೇಕು?

ಸುಲಭವಾಗಿ ಸ್ಟಾರ್ಟ್ ಆಗುವ ಸ್ಕೂಟರ್ ಏರಿನಲ್ಲಿ ಸೋಲುತ್ತಿದ್ದರೆ, ಎಂಜಿನ್ ಬಿಚ್ಚುವ ಮೊದಲು ಸ್ಪಾರ್ಕ್ ಪ್ಲಗ್ ತೆಗೆದು ಅದರ ತುದಿಯ ಬಣ್ಣವನ್ನು ನೋಡಬೇಕು. ತಿಳಿ ಕಂದು ಬಣ್ಣವಿದ್ದರೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಸರಿಯಾಗಿದೆ. ಜಿಡ್ಡುಜಿಡ್ಡಾದ ಕಪ್ಪು ಮಸಿ ಕಂಡರೆ ಆಯಿಲ್ ಹೆಚ್ಚಾಗಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು ಇಲ್ಲವೇ ಕಿಡಿ ದುರ್ಬಲವಾಗಿರಬಹುದು. ತುದಿ ಬಿಳಿಚಿಕೊಂಡಿದ್ದರೆ ಮಾತ್ರ ದಯವಿಟ್ಟು ಓಡಿಸುವುದನ್ನು ನಿಲ್ಲಿಸಿ, ಏಕೆಂದರೆ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರ) ಕಟ್ಟಿಕೊಂಡೋ ಕ್ರ್ಯಾಂಕ್ ಸೀಲ್ (ಎಂಜಿನ್ನಿನ ತಿರುಗುವ ದಂಡದ ಸುತ್ತ ಗಾಳಿ ನುಗ್ಗದಂತೆ ತಡೆಯುವ ರಬ್ಬರ್ ಬಳೆ) ಸವೆದೋ ಮಿಶ್ರಣದಲ್ಲಿ ಗಾಳಿ ಹೆಚ್ಚಾದಾಗ ಎಂಜಿನ್ ಅತಿಯಾಗಿ ಕಾದು ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು ಸೀಜ್ ಆಗುವ ಅಪಾಯವಿದೆ.

ಪ್ಲಗ್ ಚೆನ್ನಾಗಿದ್ದೂ ಶಕ್ತಿ ತಿಂಗಳುಗಳಿಂದ ಮೆಲ್ಲಗೆ ಕುಗ್ಗುತ್ತಾ ಬಂದಿದ್ದರೆ ನನ್ನ ಅನುಮಾನ ಸೈಲೆನ್ಸರ್ ಮೇಲೆಯೇ: ಸುಟ್ಟ ಆಯಿಲಿನ ಇಂಗಾಲ ಅದರೊಳಗೂ ಎಂಜಿನ್ನಿನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಪೋರ್ಟಿನಲ್ಲೂ ಗಟ್ಟಿ ಪದರವಾಗಿ ಕಟ್ಟಿಕೊಂಡು ಹೊಗೆಯ ದಾರಿಯನ್ನು ಕಿರಿದಾಗಿಸುತ್ತದೆ. ಅದನ್ನು ಕೆರೆದು ತೆಗೆದ ಮೇಲೂ ಸುಧಾರಿಸದಿದ್ದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಪರೀಕ್ಷಿಸಿ, ಪಿಸ್ಟನ್ ರಿಂಗುಗಳನ್ನು ನೋಡಬೇಕು.