ಕೊನೆ ರೇಟನ್ನು ಬಾಟ್‌ಗೆ ಹೇಳಬೇಕಾ?

ಪ್ರಶ್ನೆ: ಹಳೇ ಸ್ಕೂಟರ್ ಮಾರಲು ಒಂದು ಆ್ಯಪ್‌ನಲ್ಲಿ ಹಾಕಿದ್ದೇನೆ. 45,000 ರೂಪಾಯಿ ಬರೆದಿದ್ದೇನೆ, 38,000ಕ್ಕೂ ಕೊಟ್ಟೇನು. ‘ನಿಮ್ಮ ಪರವಾಗಿ ನಮ್ಮ ಬಾಟ್ (ತಾನೇ ಮಾತಾಡುವ ಕಂಪ್ಯೂಟರ್ ಪ್ರೋಗ್ರಾಂ) ಚೌಕಾಸಿ ಮಾಡುತ್ತದೆ, ಕೊನೆ ರೇಟು ಹೇಳಿ’ ಅನ್ನುತ್ತಿದೆ. ಹೇಳಬಹುದಾ? ಅದಕ್ಕೆ ಚೌಕಾಸಿ ಕಲಿಸಿದ್ದಾದರೂ ಯಾರು?
– ಓದುಗರು, ದಾವಣಗೆರೆ

ಉತ್ತರ: ಸದ್ಯಕ್ಕೆ 38,000 ಅಂತ ಹೇಳಬೇಡಿ. 41,000 ಅಂತ ಹಾಕಿ ನೋಡಿ. ಬೇಕಾದರೆ ಆಮೇಲೆ ನೀವೇ ಇಳಿಸಬಹುದು.

ಈ ಕೆಲಸ ಹೊಸದೇನಲ್ಲ. 1996ರಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ‘ಕಸ್ಬಾ’ ಎಂಬ ಆನ್‌ಲೈನ್ ಸಂತೆ ಕಟ್ಟಿದ್ದರು. ಮಾರುವವರು ಆಸೆಯ ಬೆಲೆ, ಕೊನೆ ಬೆಲೆ, ಗಡುವು ಮೂರನ್ನೂ ಹೇಳಬೇಕಿತ್ತು. ಆಮೇಲೆ ಅವರ ಪರವಾಗಿ ‘ಏಜೆಂಟ್’ ಎಂಬ ಪ್ರೋಗ್ರಾಂ ಚೌಕಾಸಿ ಮಾಡುತ್ತಿತ್ತು. ಅದು ಬೆಲೆ ಇಳಿಸುವ ರೀತಿಯೂ ಮೂರು: ಅವಸರದ್ದು, ತಾಳ್ಮೆಯದ್ದು, ದುರಾಸೆಯದ್ದು. ನಿಮ್ಮ ಸ್ಕೂಟರ್‌ಗೆ 10 ದಿನ ಗಡುವು ಅಂದುಕೊಳ್ಳಿ. ಅವಸರದ ಏಜೆಂಟ್ ದಿನಕ್ಕೆ 700 ಇಳಿಸುತ್ತಾ 5ನೇ ದಿನ 41,500ಕ್ಕೆ ಬರುತ್ತದೆ. ತಾಳ್ಮೆಯದ್ದು ಆಗಿನ್ನೂ 43,250ರಲ್ಲಿ, ದುರಾಸೆಯದ್ದು 44,125ರಲ್ಲಿ ಇರುತ್ತದೆ. ಕೊನೆಯ ದಿನ ಮಾತ್ರ ಮೂರೂ 38,000ಕ್ಕೇ ಬಂದು ನಿಲ್ಲುತ್ತವೆ. ಅದು ಬರೀ ಲೆಕ್ಕ, ಕಲಿಕೆ ಅಲ್ಲ.

ಕಲಿಯುವ ಬಾಟ್‌ಗಳ ಕತೆಯೇ ಬೇರೆ. 2017ರಲ್ಲಿ ಫೇಸ್‌ಬುಕ್ ಸಂಶೋಧಕರು ಪುಸ್ತಕ, ಟೋಪಿ, ಚೆಂಡುಗಳನ್ನು ಇಬ್ಬರು ಹಂಚಿಕೊಳ್ಳುವ ಆಟ ಮಾಡಿದರು. ಬಾಟ್ ಮೊದಲು ಮನುಷ್ಯರ ಸಾವಿರಾರು ಚೌಕಾಸಿ ಮಾತುಗಳನ್ನು ನೋಡಿ ಕಲಿಯಿತು. ಆಮೇಲೆ ಇನ್ನೊಂದು ಬಾಟ್ ಜೊತೆ ಆಡುತ್ತಾ ಪಳಗಿತು. ಜಾಸ್ತಿ ಅಂಕ ಬಂದ ದಾರಿಯನ್ನೇ ಮತ್ತೆ ಮತ್ತೆ ಹಿಡಿಯಿತು. ಹೀಗೆ ಆಡುತ್ತಾ, ತನಗೆ ಬೇಡದ ವಸ್ತುವನ್ನೂ ಬೇಕು ಅಂತ ಹಟ ಹಿಡಿದು, ಕೊನೆಗೆ ‘ಹೋಗಲಿ, ನಿಮಗೇ ಬಿಟ್ಟೆ’ ಅಂದು ಬೇಕಾದ್ದನ್ನು ಗಿಟ್ಟಿಸಿಕೊಳ್ಳುವುದನ್ನು ಕಲಿತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ಸಲ ಓದಿದಾಗ ನನಗೆ ನಿಜಕ್ಕೂ ದಿಗಿಲಾಯಿತು.

ಅಂದರೆ ಬಾಟ್ ಯಾರ ಪರ ಅನ್ನುವುದು ಅದಕ್ಕೆ ಯಾತಕ್ಕೆ ಅಂಕ ಕೊಟ್ಟಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ನಿಮಗೆ ಜಾಸ್ತಿ ದುಡ್ಡು ಬಂದರೆ ಅಂಕವೋ, ವ್ಯಾಪಾರ ಬೇಗ ಕುದುರಿದರೆ ಅಂಕವೋ? ಎರಡನೆಯದಾದರೆ, ಕೊನೆ ರೇಟು ಗೊತ್ತಾದ ಮೇಲೆ ಅದು ನಿಮಗಾಗಿ ಗುದ್ದಾಡುತ್ತದೆ ಅನ್ನುವ ಭರವಸೆ ಇಲ್ಲ. ಕೊಳ್ಳುವವರ ಬಾಟ್ ಕೂಡ ಅದೇ ಆ್ಯಪ್‌ನದ್ದಾದರೆ ಇನ್ನೂ ಹುಷಾರಾಗಿರಿ. ನಿಮ್ಮ ಕೊನೆ ರೇಟು ಯಾರಿಗೆಲ್ಲ ಕಾಣುತ್ತದೆ ಅಂತ ನಿಯಮಗಳಲ್ಲಿ ಹುಡುಕಿ. ‘ಆಯ್ತು’ ಬಟನ್ ನಿಮ್ಮ ಕೈಯಲ್ಲೇ ಇರಲಿ.

ಇನ್ನೊಂದು ಮಾತು. ಆ ಆಟದಲ್ಲಿ ಒಬ್ಬರಿಗೆ ಬೇಡದ್ದು ಇನ್ನೊಬ್ಬರಿಗೆ ಬೇಕಿರುತ್ತಿತ್ತು. ನಿಮ್ಮ ಮನೆಯಲ್ಲಿ ಸುಮ್ನೆ ಬಿದ್ದಿರುವ ಎರಡನೇ ಹೆಲ್ಮೆಟ್ಟು, ಸ್ಕೂಟರ್ ಕವರ್ರು ಇದ್ದರೆ ಬಾಟ್‌ಗೆ ಅವನ್ನೂ ಹೇಳಿ. ಸಾವಿರ ರೂಪಾಯಿ ಇಳಿಸುವ ಬದಲು ಅವನ್ನು ಕೊಟ್ಟೇ ವ್ಯಾಪಾರ ಮುಗಿಸಬಹುದು, ಅಲ್ವಾ?