ನಾಲ್ಕನೇ ಪುಟದ ಮಂಡಕ್ಕಿ

ನಮಸ್ಕಾರ.

ನಿಮ್ಮ 'ಬೆತ್ತದ ನೆನಪುಗಳು' ಬರಹವನ್ನು ಎರಡು ಸಲ ಓದಿದೆ. ಮೊದಲ ಸಲ ಬೇಡ ಅನ್ನಿಸಿತು. ಎರಡನೇ ಸಲ ನಾಲ್ಕನೇ ಪುಟದಲ್ಲಿ ಸಿಕ್ಕಿಹಾಕಿಕೊಂಡೆ. ಅದಕ್ಕೇ ಇಷ್ಟುದ್ದದ ಪತ್ರ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುಮ್ನೆ ಆಸೆ ಹುಟ್ಟಿಸುವುದು ಬೇಡ.

ಸೆಪ್ಟೆಂಬರ್ 5 ಹತ್ತಿರ ಬಂತೆಂದರೆ ಈ ಥರದ ಬರಹಗಳು ನಮಗೆ ರಾಶಿ ಬೀಳುತ್ತವೆ. 'ದಂಡಂ ದಶಗುಣಂ' ಎಂದು ಶುರು. ಆಮೇಲೆ ಗೋಡೆ ಕುರ್ಚಿ, ಬಸ್ಕಿ, ಕಿವಿ ಹಿಂಡಿದ್ದು. 'ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಸಾರ್' ಎಂದ ಅಪ್ಪ. ಕೊನೆಗೆ 'ಅವತ್ತು ಏಟು ಬಿದ್ದಿದ್ದಕ್ಕೇ ಇವತ್ತು ಮನುಷ್ಯನಾದೆ' ಎಂದು ಕೈಮುಗಿಯುವುದು. ನಿಮ್ಮದೂ ಹಾಗೇ ಶುರುವಾಗಿ ಹಾಗೇ ಮುಗಿದಿದೆ. ನಡುವೆ ಒಂದು ಕಡೆ ಮಾತ್ರ ನೀವು ಆ ದಾರಿ ಬಿಟ್ಟು ಪಕ್ಕಕ್ಕೆ ಹೋಗಿದ್ದೀರಿ. ನನಗೆ ಬೇಕಿರುವುದು ಅದೇ ಜಾಗ.

ಐದನೇ ಕ್ಲಾಸಿನ ಹುಡುಗ. ಬೆಳಗ್ಗೆ ಶಾಲೆಗೆ ಮುಂಚೆ ಮಂಡಕ್ಕಿ ಭಟ್ಟಿಯಲ್ಲಿ ಅಪ್ಪನ ಜೊತೆ ಕೆಲಸ. ಒಲೆಗೆ ಹೊಟ್ಟು ತಳ್ಳಬೇಕು. ಕಾದ ಮರಳಿನಲ್ಲಿ ಅರಳಿದ ಮಂಡಕ್ಕಿಗೆ ಜರಡಿ ಹಿಡಿಯಬೇಕು. ಮೈಕೈಗೆಲ್ಲ ಮಸಿ. ಕೈ ತೊಳೆದರೂ ಉಗುರ ಸಂದಿಯದ್ದು ಹೋಗುವುದಿಲ್ಲ. ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ಉಗುರು ನೋಡುವ ಮೇಷ್ಟ್ರು. ಐದೂ ಬೆರಳನ್ನು ಮೊಗ್ಗಿನ ಹಾಗೆ ಕೂಡಿಸಿ ಮೇಲಕ್ಕೆ ಹಿಡಿಯಬೇಕು, ರೂಲುದೊಣ್ಣೆ ಬೀಳುವುದು ನೇರ ಉಗುರಿನ ಮೇಲೆ. ಗಲೀಜಿಗೆ ಒಂದು, ತಡವಾಗಿ ಬಂದದ್ದಕ್ಕೆ ಇನ್ನೊಂದು. ಅದೇ ಮೇಷ್ಟ್ರು ಸಂಜೆ ನಿಮ್ಮ ಭಟ್ಟಿಗೇ ಬಂದು ಬಿಸಿ ಮಂಡಕ್ಕಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಪ್ಪ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

ಇಷ್ಟನ್ನೂ ಎಂಟು ಸಾಲಿನಲ್ಲಿ ಮುಗಿಸಿದ್ದೀರಿ. ಮಂಡಕ್ಕಿ ಕಟ್ಟಿಸಿಕೊಂಡದ್ದಕ್ಕೆ ಸಿಕ್ಕಿದ್ದು ಅರ್ಧ ಸಾಲು!

ಅಲ್ಲಿಂದ ಮುಂದೆ ಒಂದೂವರೆ ಪುಟ ಮೇಷ್ಟ್ರನ್ನು ಬೈದಿದ್ದೀರಿ. 'ಕಠೋರ ಹೃದಯಿ', 'ಯಮಸ್ವರೂಪಿ', 'ನಿರಂತರ ಬೆತ್ತದ ಪ್ರಹಾರ'. ದಾವಣಗೆರೆಯಲ್ಲಿ ಯಾರಾದರೂ ಪ್ರಹಾರ ತಿಂದದ್ದನ್ನು ನೋಡಿದ್ದೀರಾ? ನಾವೆಲ್ಲ ತಿಂದದ್ದು ಏಟು. ಜಾಸ್ತಿಯಾದರೆ ಬಾಸುಂಡೆ. ಭಟ್ಟಿಯನ್ನೂ ಒಂದು ಕಡೆ 'ಮಂಡಕ್ಕಿ ತಯಾರಿಕಾ ಘಟಕ' ಮಾಡಿಬಿಟ್ಟಿದ್ದೀರಿ. ಅದನ್ನು ಓದಿದರೆ ನಿಮ್ಮ ಅಪ್ಪನೇ ನಗುತ್ತಾರೆ. ಈ ಒಂದೂವರೆ ಪುಟ ಪೂರ್ತಿ ತೆಗೆಯಿರಿ. ಮೇಷ್ಟ್ರು ಎಂಥವರು ಎಂದು ಆ ರೂಲುದೊಣ್ಣೆ, ಆ ಮಂಡಕ್ಕಿ ಪೊಟ್ಟಣ ಎರಡೂ ಸೇರಿ ಹೇಳಿಯಾಗಿದೆ.

ನಾನು ಓದಿದ್ದು ಚಿತ್ರದುರ್ಗದಲ್ಲಿ. ಗೋಡೆ ಕುರ್ಚಿ ಕೂತಿದ್ದೇನೆ, ತೊಡೆ ನಡುಗಿ ಕೆಳಗೆ ಬಿದ್ದೂ ಇದ್ದೇನೆ. ಯಾವ ತಪ್ಪಿಗೆ ಕೂರಿಸಿದರು ಎನ್ನುವುದು ಪೂರಾ ಮರೆತುಹೋಗಿದೆ. ಎದುರು ಕಿಟಕಿಯಲ್ಲಿ ಬಂಡೆಯ ತುದಿಗೆ ಒಂದು ಮೇಕೆ ನಿಂತಿತ್ತು, ಅದು ಇನ್ನೂ ಕಣ್ಣಲ್ಲಿದೆ. ನೆನಪು ಇಂಥವನ್ನೇ ಎತ್ತಿಟ್ಟುಕೊಳ್ಳುತ್ತದೆ. ನಿಮ್ಮಲ್ಲಿ ಅಂಥ ಮೇಕೆ ಒಂದೂ ಇಲ್ಲ ಎಂದು ನಾನು ನಂಬುವುದಿಲ್ಲ. ಹುಡುಕಿ.

ಒಂದೆರಡು ತಪ್ಪುಗಳಿವೆ. 1988ರಲ್ಲಿ 'ದಾವಣಗೆರೆ ಜಿಲ್ಲೆಯ ಸಾಹೇಬರು' ತಪಾಸಣೆಗೆ ಬಂದರು ಎಂದಿದ್ದೀರಿ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ಕ್ಕೆ. ಅದಕ್ಕೆ ಮುಂಚೆ ನೀವೂ ನಾನೂ ಒಂದೇ ಚಿತ್ರದುರ್ಗ ಜಿಲ್ಲೆಯವರು. ಆ ಸಾಹೇಬರು ದುರ್ಗದಿಂದ ಬಂದಿರಬೇಕು. ಇನ್ನೊಂದು, 'ಈಗ ಕಾನೂನು ಬಂದು ಏಟು ನಿಂತಿದೆ' ಎಂಬ ಕೊನೆಯ ಭಾಷಣ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಕಾನೂನು ಬಂತು, ನಿಜ. ಏಟು ಎಲ್ಲ ಕಡೆ ನಿಂತಿದೆ ಎಂದು ನೀವು ಹೇಗೆ ಹೇಳುತ್ತೀರಿ? ಅದರ 17ನೇ ಸೆಕ್ಷನ್ ಹೊಡೆಯುವುದರ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಇದನ್ನು ಯಾಕೆ ಹೇಳಿದೆ ಎಂದರೆ, ಸಾಲಿನ ಮುಂದೆ ನಿಲ್ಲಿಸಿ 'ಭಟ್ಟಿ ಕಾಗೆ' ಎಂದು ಕರೆದದ್ದು ಏಟಿಗಿಂತ ಜಾಸ್ತಿ ನೋಯಿಸಿತು ಎಂದು ನೀವೇ ಬರೆದಿದ್ದೀರಿ. ಇವತ್ತಿನ ಲೆಕ್ಕದಲ್ಲಿ ಅದೂ ನಿಷೇಧದ ಪಟ್ಟಿಗೇ ಸೇರುತ್ತದೆ. ಆದರೆ ಭಾಷಣ ಬೇಡ. ಆ ಹೆಸರು ಎಷ್ಟು ವರ್ಷ ನಿಮ್ಮ ಬೆನ್ನು ಹತ್ತಿತ್ತು, ಅದನ್ನು ಬರೆಯಿರಿ.

ಮೇಷ್ಟ್ರ ಹೆಸರು, ಶಾಲೆಯ ಹೆಸರು ಎರಡನ್ನೂ ತೆಗೆಯಿರಿ. ಅವರ ಕಡೆಯ ಮಾತು ಇಲ್ಲಿಲ್ಲ, ಅವರ ಮಕ್ಕಳು ಇದೇ ಊರಲ್ಲಿರಬಹುದು. ನೀವೆಲ್ಲ ಅವರಿಗೆ ಇಟ್ಟಿದ್ದ 'ರೂಲುದೊಣ್ಣೆ' ಎಂಬ ಅಡ್ಡಹೆಸರೇ ಸಾಕು.

ಈಗ ಆ ಕೊನೆಯ ಪ್ಯಾರಾ. 'ಆ ಗುರುಗಳ ಪಾದಗಳಿಗೆ ಶರಣು.' ನಿಜ ಹೇಳಿ, ಇದು ನಿಮ್ಮ ಮನಸ್ಸಿನಿಂದ ಬಂದದ್ದಾ, ಇಲ್ಲ ಹಾಗೆ ಬರೆಯಬೇಕು ಎಂದು ಬರೆದದ್ದಾ? ಆರು ಪುಟ ಸಿಟ್ಟು ಮಾಡಿ ಏಳನೆಯದರಲ್ಲಿ ಕಾಲಿಗೆ ಬಿದ್ದರೆ ಓದುವವರು ಎರಡನ್ನೂ ನಂಬುವುದಿಲ್ಲ. ನಿಮಗೆ ಇನ್ನೂ ಸಿಟ್ಟಿದ್ದರೆ ಇರಲಿ. ಗೌರವವೂ ಇದ್ದರೆ ಅದಕ್ಕೊಂದು ಕಾರಣ ಇರಬೇಕಲ್ವಾ, ಆ ಕಾರಣ ಬರೆಯಿರಿ. ಅವರು ಗಣಿತ ಚೆನ್ನಾಗಿ ಹೇಳಿಕೊಡುತ್ತಿದ್ದರು ಎಂದು ಎರಡನೇ ಪುಟದ ಮೂಲೆಯಲ್ಲಿ ಒಂದು ಮಾತಿದೆ. ಏಟಿಗೂ ಅದಕ್ಕೂ ಗಂಟು ಹಾಕಬೇಡಿ. ಭಿನ್ನರಾಶಿ ಅರ್ಥವಾದದ್ದು ಬೆರಳು ಊದಿದ್ದರಿಂದ ಅಲ್ಲವಲ್ಲ.

ಏಳು ಪುಟ ಮೂರಕ್ಕೆ ಇಳಿಯಲಿ. ಭಟ್ಟಿಯಿಂದಲೇ ಶುರು ಮಾಡಿ, ಗಾದೆ ಬೇಡ. ರಾತ್ರಿ ಅವ್ವ ಸೀಮೆಎಣ್ಣೆ ಹಚ್ಚಿ ಉಗುರು ಉಜ್ಜುತ್ತಿದ್ದಳು ಎಂದಿದ್ದೀರಿ. ಉಜ್ಜುವಾಗ ಏನಾದರೂ ಮಾತಾಡುತ್ತಿದ್ದಳಾ? ಆಮೇಲೆ ಆ ಸಂಜೆಗಳು. ಮೇಷ್ಟ್ರು ಭಟ್ಟಿ ಬಾಗಿಲಲ್ಲಿ ನಿಂತಾಗ ನೀವು ಎಲ್ಲಿರುತ್ತಿದ್ದಿರಿ? ಅವರ ಕೈಗೆ ಆ ಪೊಟ್ಟಣ ಕೊಡುತ್ತಿದ್ದವರು ಯಾರು, ಅಪ್ಪನಾ, ನೀವಾ? ನೀವೇ ಆಗಿದ್ದರೆ, ಆಗ ಅವರು ನಿಮ್ಮ ಉಗುರು ನೋಡಿದರಾ?

ಬರೆದು ಕಳಿಸಿ. ಕಾಯುತ್ತಿರುತ್ತೇನೆ.

ಇಂತಿ,
ಸಂಪಾದಕ