ನ್ಯೂಜೆರ್ಸಿಯಲ್ಲಿ ಜುಲೈನಲ್ಲಿ ತರಕಾರಿ ಬಿತ್ತಿದರೆ ಚಳಿಗೆ ಮೊದಲು ಕೈಗೆ ಸಿಗುತ್ತದೆಯೇ?

ಸಿಗುತ್ತದೆ, ಬೆಳೆ ಸರಿಯಾಗಿ ಆರಿಸಿಕೊಂಡರೆ. ಕ್ಯಾರೆಟ್, ಬೀಟ್‌ರೂಟ್ ಈಗ ಹಾಕಿ. ಪಾಲಕ್, ಮೂಲಂಗಿಗೆ ಆಗಸ್ಟ್ ಕೊನೆಯವರೆಗೆ ಕಾಯಿರಿ. ಬದನೆ ಬೀಜಕ್ಕೆ ಮಾತ್ರ ಕಾಲ ಮೀರಿತು.

ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ನಿಮ್ಮಲ್ಲಿ ಇಬ್ಬನಿ ಹೆಪ್ಪುಗಟ್ಟುವ ಮೊದಲ ರಾತ್ರಿ ಅಕ್ಟೋಬರ್ 15ರ ಸುಮಾರಿಗೆ ಎಂದಿಟ್ಟುಕೊಳ್ಳಿ. ಬೀಜದ ಪೊಟ್ಟಣದ ಮೇಲೆ 70 ದಿನ ಅಂತಿದ್ದರೆ ಇನ್ನೂ 14 ದಿನ ಸೇರಿಸಿ. ಜುಲೈ 23ರೊಳಗೆ ಬಿತ್ತಬೇಕು. ಈ ಹೆಚ್ಚುವರಿ ದಿನ ಯಾಕೆ? ವಸಂತದಲ್ಲಿ ಹಗಲು ದಿನೇ ದಿನೇ ಉದ್ದವಾಗುತ್ತದೆ, ಈಗ ಕುಗ್ಗುತ್ತದೆ. ಬಿಸಿಲು ಕಡಿಮೆಯಾದಷ್ಟೂ ಗಿಡ ನಿಧಾನವಾಗಿ ಬೆಳೆಯುತ್ತದೆ.

ನಿಜವಾದ ಕಷ್ಟ ಮೊಳಕೆಯದು. ಕ್ಯಾರೆಟ್ ಬೀಜ ಕೂರುವುದು ಕಾಲಿಂಚು ಆಳದಲ್ಲಿ. ಜುಲೈ ಬಿಸಿಲಿಗೆ ಆ ಮಣ್ಣು ಮಧ್ಯಾಹ್ನದೊಳಗೆ ಹಪ್ಪಳ. ಬಿತ್ತಿದ ಸಾಲಿನ ಮೇಲೆ ಒದ್ದೆ ಗೋಣಿಚೀಲ ಹಾಸಿ, ದಿನಕ್ಕೆರಡು ಸಲ ನೀರು ಚಿಮುಕಿಸಿ. ಐದನೇ ದಿನದಿಂದ ಗೋಣಿ ಎತ್ತಿ ನೋಡುತ್ತಿರಿ. ಮೊದಲ ಹಸಿರು ಎಳೆ ಕಂಡೊಡನೆ ತೆಗೆದುಬಿಡಿ. ನಾನೊಮ್ಮೆ ಎರಡು ದಿನ ಮರೆತು, ಬಿಳಿಚಿಕೊಂಡ ಸಸಿಗಳನ್ನೆಲ್ಲ ಕಳೆದುಕೊಂಡೆ.

ಕ್ಯಾರೆಟ್ಟನ್ನು ಮೊದಲ ಚಳಿಗೇ ಹೆದರಿ ಕೀಳಬೇಡಿ. ಚಳಿ ತಡೆಯಲು ಅದು ಪಿಷ್ಟವನ್ನು ಸಕ್ಕರೆಯಾಗಿಸಿಕೊಳ್ಳುತ್ತದೆ. ನವೆಂಬರ್‌ನಲ್ಲಿ ಕಿತ್ತದ್ದರ ಹಲ್ವಾಕ್ಕೆ ಸಕ್ಕರೆ ಕಮ್ಮಿಯೇ ಸಾಕು.